ಐದೂ ಸ್ವರ ಇರುವ ಉದ್ದದ ಇಂಗ್ಲಿಷ್ ಪದ ಬೇಕು, ಶುಕ್ರವಾರದೊಳಗೆ

ಮಗಳಪ್ಪ · ಸೋಮವಾರ ರಾತ್ರಿ 9:05

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಆರನೇ ಕ್ಲಾಸಿನ ಮಗಳದ್ದು. ಅವರ ಇಂಗ್ಲಿಷ್ ಮಿಸ್ ಒಂದು ಪಂದ್ಯ ಇಟ್ಟಿದ್ದಾರೆ. ಎ, ಇ, ಐ, ಓ, ಯು ಐದೂ ಇರುವ ಒಂದು ಪದ ಬರೆದುಕೊಂಡು ಬರಬೇಕು. ಯಾರ ಪದ ಉದ್ದವೋ ಅವರು ಗೆದ್ದ ಹಾಗೆ. ಅರ್ಥ ಕೇಳಿದರೆ ಹೇಳಬೇಕು.

ನಾನು ಜಂಬದಿಂದ ‘ಎಜುಕೇಷನ್’ ಅಂದೆ. “ಅಪ್ಪಾ, ಅದನ್ನ ಕ್ಲಾಸಲ್ಲಿ ನಲವತ್ತು ಜನಾನೂ ಬರೀತಾರೆ” ಅಂದಳು. ಆಮೇಲೆ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಒಂದೂ ಹೊಳೆಯಲಿಲ್ಲ. ಆಫೀಸಿನಲ್ಲಿ ಬೆಳಗಿಂದ ಸಂಜೆವರೆಗೆ ಇಂಗ್ಲಿಷಿನಲ್ಲೇ ಮೇಲ್ ಕುಟ್ಟುವವನು ನಾನು! ಮರ್ಯಾದೆ ಪ್ರಶ್ನೆ, ಸ್ವಲ್ಪ ಕಾಪಾಡಿ.

ಚಿತ್ರಾನ್ನ · ಸೋಮವಾರ ರಾತ್ರಿ 9:11

ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ ಸಾರ್? ಶಶಿ ತರೂರ್ ಇದ್ದಾರಲ್ಲ. 2018ರಲ್ಲಿ ಒಂದು ಟ್ವೀಟ್ ಹಾಕಿ ಊರಿಗೆಲ್ಲ ನಿಘಂಟು ತೆಗೆಸಿದ್ದರು. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್. 29 ಅಕ್ಷರ. ಅರ್ಥ, ಯಾವುದನ್ನಾದರೂ ಕೆಲಸಕ್ಕೆ ಬಾರದ್ದು ಅಂತ ತಳ್ಳಿಹಾಕುವುದು. ಪಂದ್ಯ ಮುಗೀತು, ಬಹುಮಾನದ ಚಾಕೊಲೇಟಲ್ಲಿ ನನಗೂ ಅರ್ಧ ಕಳಿಸಿ.

ನಿವೃತ್ತ ಟೀಚರ್ · ಸೋಮವಾರ ರಾತ್ರಿ 9:24

ಮುಗೀಲಿಲ್ಲಪ್ಪ ಚಿತ್ರಾನ್ನ. ಬಿಡಿಸಿ ಬರೆದು ನೋಡು. ಐ ಒಂಬತ್ತು ಸಲ ಇದೆ. ಇ ಒಂದೂ ಇಲ್ಲ.

ಮುಂದೆ ಯಾರೋ ಬಂದು ‘ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ’ ಅಂತಾರೆ, ಈಗಲೇ ಹೇಳಿಬಿಡ್ತೀನಿ. ಅದರಲ್ಲಿ 28 ಅಕ್ಷರ ಇದ್ದರೂ ಓ ಇಲ್ಲ, ಯು ಇಲ್ಲ. ಹೆಸರುವಾಸಿ ಉದ್ದದ ಪದಗಳ ಹಣೆಬರಹವೇ ಇಷ್ಟು. ಉದ್ದ ಇದೆ ಅಂದ ಮಾತ್ರಕ್ಕೆ ನಮಗೆ ಬೇಕಾದ ಅಕ್ಷರ ಇರುತ್ತೆ ಅಂತಲ್ಲ.

ಚಿತ್ರಾನ್ನ · ಸೋಮವಾರ ರಾತ್ರಿ 9:26

ಮೇಡಂ, ಎರಡನೆಯದನ್ನೇ ಟೈಪ್ ಮಾಡ್ತಾ ಇದ್ದೆ. ಅರ್ಧಕ್ಕೆ ಅಳಿಸಿದೆ.

ಕರಿಪರದೆ · ಸೋಮವಾರ ರಾತ್ರಿ 10:02

ಹಾಗಾದರೆ 45 ಅಕ್ಷರದ ಆ ಶ್ವಾಸಕೋಶದ ಕಾಯಿಲೆ ಹೆಸರು? ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವೊಲ್ಕೆನೋಕೋನಿಯೋಸಿಸ್. ಈಗ ತಾನೇ ಬಿಡಿಸಿ ನೋಡಿದೆ, ಐದೂ ಸ್ವರ ಇವೆ.

ನಿವೃತ್ತ ಟೀಚರ್ · ಸೋಮವಾರ ರಾತ್ರಿ 10:15

ಇವೆ, ಒಪ್ಪಿದೆ. ಆದರೆ ಅದು ಡಾಕ್ಟರುಗಳು ಇಟ್ಟ ಹೆಸರಲ್ಲ. 1935ರಲ್ಲಿ ಅಮೆರಿಕದ ನ್ಯಾಷನಲ್ ಪಜ್ಲರ್ಸ್ ಲೀಗ್‌ನ ಅಧ್ಯಕ್ಷ ಎವರೆಟ್ ಸ್ಮಿತ್ ಬೇಕು ಅಂತಲೇ ಉದ್ದಕ್ಕೆ ಹೊಸೆದ ಪದ. ಪತ್ರಿಕೆಯವರು ನಂಬಿ ಅಚ್ಚು ಹಾಕಿದರು, ಆಮೇಲೆ ನಿಘಂಟಿಗೂ ಹೋಯಿತು. ಕಲ್ಲಿನ ಸಣ್ಣ ಧೂಳು ಎದೆಯೊಳಗೆ ಕೂತು ಬರುವ ಕಾಯಿಲೆ ಮಾತ್ರ ನಿಜ. ಕೋಲಾರದ ಚಿನ್ನದ ಗಣಿಯಲ್ಲಿ ಇಳಿದವರಿಗೆ ಅದು ಗೊತ್ತು. ಅದರ ಹೆಸರು ಸಿಲಿಕೋಸಿಸ್, ಅಷ್ಟೆ. ಒಂಬತ್ತು ಅಕ್ಷರ.

ಹನ್ನೊಂದು ವರ್ಷದ ಮಗು ಆ 45 ಅಕ್ಷರ ಬೋರ್ಡಿನ ಮೇಲೆ ಬರೆದರೆ ಯಾವ ಮಿಸ್ಸೂ ಅವಳೇ ಹುಡುಕಿದ್ದು ಅಂತ ನಂಬಲ್ಲ.

ಮಗಳಪ್ಪ · ಸೋಮವಾರ ರಾತ್ರಿ 10:20

ಮಗಳೂ ಅದನ್ನೇ ಹೇಳಿದಳು. “ಗೂಗಲ್ ಮಾಡಿದ್ದು ಅಂತ ಎಲ್ಲರಿಗೂ ಗೊತ್ತಾಗತ್ತೆ, ನಗ್ತಾರೆ.” ಅವಳಿಗೆ ತಾನೇ ಹುಡುಕಬೇಕಂತೆ. ಹುಡುಕುವ ದಾರಿ ಏನಾದರೂ ಇದ್ದರೆ ಹೇಳಿ.

ನಿವೃತ್ತ ಟೀಚರ್ · ಸೋಮವಾರ ರಾತ್ರಿ 10:48

ದಾರಿ ಇದೆ. ನಿಮ್ಮ ಹಾಗೆ ಕಣ್ಣು ಮುಚ್ಚಿಕೊಂಡು ನೆನಪು ಕೆದಕಿದರೆ ಉದ್ದದ ಪದ ಬರಲ್ಲ. ಮನಸ್ಸಿಗೆ ಮೊದಲು ಬರುವುದೆಲ್ಲ ಗಿಡ್ಡ ಪದಗಳೇ. ಇಂಗ್ಲಿಷಿನ ಉದ್ದದ ಪದ ಅಂದರೆ ಗೂಡ್ಸ್ ರೈಲು. ಒಂದೊಂದು ಡಬ್ಬಿಯಲ್ಲಿ ಯಾವ ಸ್ವರ ಇದೆ ನೋಡಿಕೊಂಡು ಜೋಡಿಸಬೇಕು.

ಬಾಲದಿಂದ ಶುರು ಮಾಡಿ. ಟಿ-ಐ-ಓ-ಎನ್ ಬಾಲದಲ್ಲಿ ಐ, ಓ ಎರಡೂ ಪುಕ್ಕಟೆ. ಎ-ಬಿ-ಎಲ್-ಇ ಬಾಲದಲ್ಲಿ ಎ, ಇ. ಓ-ಯು-ಎಸ್ ಬಾಲದಲ್ಲಿ ಓ, ಯು. ಇನ್ನು ತಲೆ ಕಡೆ ‘ಅನ್’ ಇಟ್ಟರೆ ಯು ಬಂತು. ಈಗ ‘ಕ್ವೆಶ್ಚನ್’ ತಗೊಳ್ಳಿ. ಯು, ಇ, ಐ, ಓ ಅದರಲ್ಲೇ ಇವೆ, ಎ ಒಂದೇ ಕಮ್ಮಿ. ಬಾಲಕ್ಕೆ ‘ಏಬಲ್’ ಹಾಕಿ, ತಲೆಗೆ ‘ಅನ್’ ಹಾಕಿ. ಅನ್‌ಕ್ವೆಶ್ಚನಬಲ್. 14 ಅಕ್ಷರ. ಒಂದು ಪದವನ್ನೂ ಕಂಠಪಾಠ ಮಾಡಿಲ್ಲ ನೋಡಿ.

ಹೀಗೇ ‘ಮಿಸೆಲೇನಿಯಸ್’ ಸಿಗುತ್ತೆ, 13. ‘ಸೈಮಲ್ಟೇನಿಯಸ್ಲಿ’ ಸಿಗುತ್ತೆ, 14. ‘ರೆವಲ್ಯೂಷನರಿ’ ತಲೆಗೆ ‘ಕೌಂಟರ್’ ಕಟ್ಟಿದರೆ 20.

ಕರಿಪರದೆ · ಮಂಗಳವಾರ ಬೆಳಿಗ್ಗೆ 7:40

ಟೀಚರ್ ಮೇಡಂ ದಾರಿ ಚೆನ್ನಾಗಿದೆ. ಆದರೂ ನನ್ನ ಕೈ ಸುಮ್ನಿರಲಿಲ್ಲ. ರಾತ್ರಿ ಕೂತು ಕಂಪ್ಯೂಟರಿನಲ್ಲೇ ನೋಡಿಬಿಟ್ಟೆ.

ಮ್ಯಾಕ್‌ನೊಳಗೆ ಒಂದು ಪದಪಟ್ಟಿ ಸುಮ್ಮನೆ ಬಿದ್ದಿರುತ್ತೆ, ಬಹಳ ಜನರಿಗೆ ಗೊತ್ತಿಲ್ಲ. 1934ರ ವೆಬ್‌ಸ್ಟರ್ ನಿಘಂಟಿನಿಂದ ಬಂದದ್ದು. ಎರಡು ಲಕ್ಷ ಮೂವತ್ತು ಸಾವಿರಕ್ಕೂ ಜಾಸ್ತಿ ಪದ, ಸಾಲಿಗೊಂದು. ಅದನ್ನು ಜರಡಿ ಹಿಡಿಯೋಕೆ ಗ್ರೆಪ್ ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ. ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಕಟ್ಟಿದ ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಬರೆದದ್ದು, ಇವತ್ತಿಗೂ ದಿನಾ ಬಳಸುತ್ತೇವೆ. ನಾನು ಮಾಡಿದ್ದಿಷ್ಟು: ಐದು ಗ್ರೆಪ್‌ಗಳನ್ನು ಒಂದರ ಕೆಳಗೊಂದು ಜರಡಿ ಹಾಗೆ ಇಟ್ಟೆ. ಮೊದಲನೆಯದು ಎ ಇರುವ ಪದ ಮಾತ್ರ ಕೆಳಗೆ ಬಿಡುತ್ತೆ. ಎರಡನೆಯದು ಅದರಲ್ಲಿ ಇ ಇರುವುದನ್ನ. ಹೀಗೆ ಐದು. ಕೊನೆಯಲ್ಲಿ ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಕಣ್ಣು ಮಿಟುಕಿಸೋದರೊಳಗೆ ಮುಗಿಯಿತು.

ತಮಾಷೆ ಏನು ಗೊತ್ತಾ? ಆ ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದದವು 24 ಅಕ್ಷರದ ಐದು ಪದ. ಐದೂ ನಪಾಸು!

‘ಸೈಂಟಿಫಿಕೋಫಿಲಸಾಫಿಕಲ್’ನಲ್ಲಿ ಯು ಇಲ್ಲ. ‘ಟೆಟ್ರಾಅಯೋಡೋಫೀನಾಲ್ಫ್ತಲೀನ್’ ಅಂತ ಒಂದು ರಾಸಾಯನಿಕ, ಅದರಲ್ಲೂ ಯು ಇಲ್ಲ. ಥೈರಾಯ್ಡ್ ಆಪರೇಷನ್ನಿನ ಒಂದು ಪದ ಇದೆ, ಯು ಇಲ್ಲ. ‘ಪ್ಯಾಥಲಾಜಿಕೋಸೈಕಲಾಜಿಕಲ್’ನಲ್ಲಿ ಇ ಕೂಡ ಇಲ್ಲ, ಯು ಕೂಡ ಇಲ್ಲ. ‘ಫಾರ್ಮಾಲ್ಡಿಹೈಡ್‌ಸಲ್ಫಾಕ್ಸಿಲೇಟ್’ನಲ್ಲಿ ಅಂತೂ ಯು ಸಿಕ್ಕಿತು ಅಂದರೆ ಐ ಕೈ ಕೊಟ್ಟಿತು.

ಹಾಗಾಗಿ ನನ್ನ ತೀರ್ಮಾನ: ಜಿಪುಣ ಅಕ್ಷರ ಯು. ಮೊದಲು ಯು ಹಿಡೀರಿ. ಉಳಿದ ನಾಲ್ಕು ತಾವಾಗೇ ಬರುತ್ತವೆ.

ಮಣೆಬಿಲ್ಲೆ · ಮಂಗಳವಾರ ಬೆಳಿಗ್ಗೆ 8:15

ನ್ಯೂಜೆರ್ಸಿಯಿಂದ. ಇಲ್ಲಿ ಇನ್ನೂ ಸೋಮವಾರ ರಾತ್ರಿ, ಪಾತ್ರೆ ತೊಳೆದು ಕೂತೆ. ಕರಿಪರದೆಯವರ ಮಾತಿಗೆ, ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವನ ಸಾಕ್ಷಿ ಬೇಕಾ? ಡಬ್ಬಿಯಲ್ಲಿ 100 ಬಿಲ್ಲೆ. ಅದರಲ್ಲಿ ಇ 12, ಎ 9, ಐ 9, ಓ 8. ಯು ಬರೀ 4. ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಕಟ್ಟಡದ ನಕ್ಷೆ ಬರೆಯುವವರು. 1930ರ ದಶಕದಲ್ಲಿ ಅಮೆರಿಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯಿತು. ಪತ್ರಿಕೆಯ ಪುಟ ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಕೈಯಲ್ಲೇ ಎಣಿಸಿ ಈ ಲೆಕ್ಕ ತೆಗೆದರು.

ನಮ್ಮ ಆಟದಲ್ಲಿ ಮಾತ್ರ ಉದ್ದಕ್ಕಿಂತ ಜಾಗ ಮುಖ್ಯ. 1982ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಾರ್ಲ್ ಖೋಶ್ನಾವ್ ಒಂದೇ ಪದಕ್ಕೆ 392 ಅಂಕ ತೆಗೆದರು. ಪದ ‘ಕಜೀಕ್ಸ್’, ಬರೀ ಎಂಟು ಅಕ್ಷರ. ಮೂಲನಿವಾಸಿಗಳ ಮುಖಂಡರು ಅಂತ ಅರ್ಥ.

ಅಂದ ಹಾಗೆ ಮಗಳಪ್ಪ, ನಿಮ್ಮ ಮಗಳಿಗೆ ನನ್ನ ಮಗನಿಗಿಲ್ಲದ ಒಂದು ಅನುಕೂಲ ಇದೆ. ‘ಬಿಹೇವಿಯರ್’, ‘ಫೇವರಿಟ್’ ಎರಡರಲ್ಲೂ ಐದೂ ಸ್ವರ ಇವೆ, ಆದರೆ ಬ್ರಿಟಿಷ್ ಸ್ಪೆಲ್ಲಿಂಗಿನಲ್ಲಿ ಮಾತ್ರ. ಇಲ್ಲಿ ನೋವಾ ವೆಬ್‌ಸ್ಟರ್ 1828ರ ನಿಘಂಟಿನಲ್ಲಿ ಇಂಥ ಯುಗಳನ್ನೆಲ್ಲ ಕಿತ್ತುಹಾಕಿದರು. ಮೊದಲೇ ಬಡ ಅಕ್ಷರ, ಅದರ ತಟ್ಟೆಗೂ ಕೈ ಹಾಕಿದರು.

ಅಚ್ಚುಮೊಳೆ · ಮಂಗಳವಾರ ಮಧ್ಯಾಹ್ನ 1:30

ಯು ಬಡವ ಅನ್ನೋದು ಬಿಲ್ಲೆಗಿಂತ ಹಳೇ ಸುದ್ದಿ. ನಮ್ಮ ಸೋದರಮಾವ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು, ಕನ್ನಡ, ಇಂಗ್ಲಿಷ್ ಎರಡೂ. ಇಂಗ್ಲಿಷ್ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಖಾನೆ ಇ ಅಕ್ಷರದ್ದು. ಕೈ ಚಾಚಿದರೆ ಸಿಗುವ ಹಾಗೆ ನಡುವೆ ಇರುತ್ತಿತ್ತು. ಚಿಕ್ಕವನಿದ್ದಾಗ ನಾನು ಆ ಖಾನೆಗೆ ಕೈ ಅದ್ದಿ ಮೊಳೆ ಗಲಗಲ ಅನ್ನಿಸುತ್ತಿದ್ದೆ. ಬೈಗುಳ ತಿಂದಿದ್ದೀನಿ.

ದೊಡ್ಡ ಪತ್ರಿಕೆಗಳಲ್ಲಿ ಕೀಲಿ ಒತ್ತಿ ಮೊಳೆಯ ಸಾಲು ತೆಗೆಯುವ ಲೈನೋಟೈಪ್ ಮಷೀನು. ಅದರ ಕೀಲಿಗಳು ಎ, ಬಿ, ಸಿ ಅಂತ ಇರಲಿಲ್ಲ, ಯಾವ ಅಕ್ಷರ ಹೆಚ್ಚು ಬರುತ್ತೋ ಆ ಲೆಕ್ಕದಲ್ಲಿ ಇದ್ದವು. ಎಡಗಡೆಯ ಮೊದಲ ಸಾಲು ಮೇಲಿಂದ ಕೆಳಗೆ ಇ-ಟಿ-ಎ-ಓ-ಐ-ಎನ್. ಎರಡನೆಯದು ಎಸ್-ಎಚ್-ಆರ್-ಡಿ-ಎಲ್-ಯು. ನೋಡಿ, ನಾಲ್ಕು ಸ್ವರ ಮೊದಲ ಸಾಲಿನಲ್ಲೇ ಆರಾಮಾಗಿ ಕೂತಿವೆ. ಯು ಎರಡನೇ ಸಾಲಿನ ತೀರಾ ಕೊನೆಗೆ. ಸಾಲು ತಪ್ಪಾದರೆ ಕೆಲಸಗಾರ ಆ ಎರಡು ಸಾಲಿನ ಮೇಲೆ ಬೆರಳು ಸುರ್ರನೆ ಎಳೆದು ತುಂಬಿಸಿ ಆಮೇಲೆ ಎಸೆಯುತ್ತಿದ್ದ. ಕೆಲವು ಸಲ ಎಸೆಯೋಕೆ ಮರೆತು ಅದೇ ಪೇಪರಿನಲ್ಲಿ ಅಚ್ಚಾಗಿಬಿಡುತ್ತಿತ್ತು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಮಷೀನುಗಳು 1978ರ ಜುಲೈವರೆಗೂ ಓಡಿದವು.

ಚಿತ್ರಾನ್ನ · ಮಂಗಳವಾರ ಮಧ್ಯಾಹ್ನ 1:52

ಎಲ್ಲ ಸರಿ, ಇಂಗ್ಲಿಷಿನವರಿಗೆ 20 ಅಕ್ಷರಕ್ಕೇ ಇಷ್ಟು ಸಂಭ್ರಮವಾ? ನಾನು ಕನ್ನಡದಲ್ಲಿ ಕೂತ ಜಾಗದಲ್ಲೇ ಮಾಡ್ತೀನಿ: ‘ಬರಬೇಕಾಗಿತ್ತಾದ್ದರಿಂದಲೇನೋ’. ಇನ್ನೂ ಬೇಕಾದರೆ ಬಾಲ ಬೆಳೆಸ್ತೀನಿ.

ನಿವೃತ್ತ ಟೀಚರ್ · ಮಂಗಳವಾರ ಮಧ್ಯಾಹ್ನ 2:30

ಅದಕ್ಕೇ ಕನ್ನಡದಲ್ಲಿ ಈ ಪಂದ್ಯ ನಡೆಯಲ್ಲ. ಪದಕ್ಕೆ ಪದ ಅಂಟಿಸುತ್ತಾ ಹೋದರೆ ಮುಗಿಯೋದು ಎಲ್ಲಿ? ಜೊತೆಗೆ ನಮ್ಮ ಸ್ವರ ವ್ಯಂಜನದ ಹೊಟ್ಟೆಯೊಳಗೆ ಕೂತಿರುತ್ತೆ. ‘ಕು’ ಒಂದೇ ಅಕ್ಷರ, ಪದಬಂಧದಲ್ಲಿ ಒಂದೇ ಮನೆ. ಅಲ್ಲಿ ಉ ಇದೆ ಅಂತ ಯಾರೂ ಬೇರೆಯಾಗಿ ಎಣಿಸಲ್ಲ.

ನಮ್ಮ ಆಟ ಬೇರೆ ಥರ. ಅಷ್ಟಾವಧಾನ ನೋಡಿದ್ದೀಯಾ? ಅದರಲ್ಲಿ ನಿಷೇಧಾಕ್ಷರಿ ಅಂತ ಒಂದು ಇದೆ. ಅವಧಾನಿ ಪದ್ಯದ ಒಂದು ಅಕ್ಷರ ಹೇಳುತ್ತಾರೆ. ಎದುರಿಗೆ ಕೂತವರು ಮುಂದೆ ಯಾವುದು ಬರಬಹುದು ಅಂತ ಊಹಿಸಿ “ಆ ಅಕ್ಷರ ಬೇಡ” ಅಂತ ಬಾಗಿಲು ಹಾಕುತ್ತಾರೆ. ಅವರು ಬೇರೆ ಅಕ್ಷರ ಹುಡುಕಿ ಮುಂದೆ ಹೋಗಬೇಕು, ಛಂದಸ್ಸೂ ಕೆಡಬಾರದು, ಅರ್ಥವೂ ಕೆಡಬಾರದು. ಇಂಗ್ಲಿಷಿನವರು ಅಕ್ಷರ ಸೇರಿಸಿ ಆಡುತ್ತಾರೆ, ನಮ್ಮವರು ಕಿತ್ತುಕೊಂಡು ಆಡಿಸುತ್ತಾರೆ.

ಕರಿಪರದೆ · ಮಂಗಳವಾರ ಮಧ್ಯಾಹ್ನ 3:05

ನಮ್ಮ ಊರ ಹೆಸರನ್ನ ಇಂಗ್ಲಿಷಿನಲ್ಲಿ ಬರೆದರೆ ಇನ್ನೊಂದು ಮಜಾ ಇದೆ. ಚನ್ನರಾಯಪಟ್ಟಣ ನೋಡಿ. 15 ಅಕ್ಷರ, ಆರು ಎ. ಐದರಲ್ಲಿ ಬೇರೆ ಸ್ವರ ಒಂದೂ ಇಲ್ಲ. ರಾಮನಗರ, ಐದು ಎ. ಕರ್ನಾಟಕವೇ ನಾಲ್ಕು ಎ. ಇಂಗ್ಲಿಷಿನಲ್ಲಿ ಹೀಗೆ ಒಂದೇ ಸ್ವರ ಹಿಡಿದು ಹೊರಟರೆ ‘ಸ್ಟ್ರೆಂತ್‌ಲೆಸ್‌ನೆಸ್’ ಸಿಗುತ್ತೆ. 16 ಅಕ್ಷರ, ಮೂರು ಇ ಮಾತ್ರ. ಸರಿ, ವಿಷಯಕ್ಕೆ ಬರೋಣ.

ಮಗಳಪ್ಪ · ಮಂಗಳವಾರ ಸಂಜೆ 6:40

ಬೈಬೇಡಿ. ಒಂದು ಮಾತು ಬಿಟ್ಟುಹೋಗಿತ್ತು. ಇವತ್ತು ಡೈರಿ ನೋಡಿದೆ. ಐದು ಸ್ವರವೂ ಒಂದೊಂದೇ ಸಲ ಬರಬೇಕಂತೆ. ಎರಡು ಸಲ ಬಂದರೆ ಇಲ್ಲ. ಮತ್ತೆ ವೈ ಲೆಕ್ಕಕ್ಕಿಲ್ಲ, ಇದ್ದರೂ ಸರಿ ಇಲ್ಲದಿದ್ದರೂ ಸರಿ.

ಚಿತ್ರಾನ್ನ · ಮಂಗಳವಾರ ಸಂಜೆ 6:41

ಸಾರ್!!!

ಮಣೆಬಿಲ್ಲೆ · ಮಂಗಳವಾರ ಸಂಜೆ 6:58

ಹೋಯ್ತು. 45ರದ್ದು ಹೋಯ್ತು, 20ರದ್ದು ಹೋಯ್ತು. ಅನ್‌ಕ್ವೆಶ್ಚನಬಲ್‌ನಲ್ಲಿ ಯು ಎರಡು. ಮಿಸೆಲೇನಿಯಸ್‌ನಲ್ಲಿ ಇ ಎರಡು. ಸೈಮಲ್ಟೇನಿಯಸ್ಲಿ ಕೂಡ ಯು ಎರಡು. ಇಷ್ಟೊತ್ತು ಯು ಸಿಗಲ್ಲ ಅಂತ ಅತ್ತಿದ್ದೆವು, ಈಗ ಜಾಸ್ತಿ ಆಯ್ತು ಅಂತ ಅಳಬೇಕು.

ನಿವೃತ್ತ ಟೀಚರ್ · ಮಂಗಳವಾರ ರಾತ್ರಿ 8:10

ನನಗೆ ಈ ನಿಯಮವೇ ಇಷ್ಟ. ಮಿಸ್ ಜಾಣೆ. ಈಗ ನಿಘಂಟು ಕೊರೆಯೋದು ಬೇಡ, ಮನೆಯಲ್ಲೇ ಹುಡುಕಬಹುದು. ಅಡುಗೆಮನೆಯಲ್ಲಿ ಹೂಕೋಸು ಇದೆಯಾ? ‘ಕಾಲಿಫ್ಲವರ್’. ಎ, ಯು, ಐ, ಓ, ಇ, ಒಂದೊಂದೇ. 11 ಅಕ್ಷರ. ‘ಡಯಲಾಗ್’ ಬ್ರಿಟಿಷ್ ಸ್ಪೆಲ್ಲಿಂಗಿನಲ್ಲಿ, 8. ‘ಟ್ಯಾಂಬರೀನ್’, ‘ಪ್ರಿಕಾಷನ್’, ‘ರೆಪ್ಯುಟೇಷನ್’ ಮೂರೂ 10.

ಐದೂ ಸ್ವರ ಸಾಲಾಗಿ ಎ, ಇ, ಐ, ಓ, ಯು ಅಂತಲೇ ಬರಬೇಕು ಅಂದರೆ ‘ಫಸೀಷಸ್’ ಇದೆ, ‘ಆಬ್‌ಸ್ಟೀಮಿಯಸ್’ ಇದೆ. ತಲೆಕೆಳಗಾಗಿ ಯು, ಓ, ಐ, ಇ, ಎ ಬರೋದಕ್ಕೆ ‘ಅನ್‌ಕಾಂಪ್ಲಿಮೆಂಟರಿ’. 15 ಅಕ್ಷರ. ಮೆಚ್ಚುಗೆಯದಲ್ಲದ, ಟೀಕೆಯ ಮಾತು ಅಂತ ಅರ್ಥ. ಶಾಲೆಯ ನಿಘಂಟಿನಲ್ಲೂ ಸಿಗುತ್ತೆ. ಮಗುವಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.

ಕರಿಪರದೆ · ಮಂಗಳವಾರ ರಾತ್ರಿ 9:30

ಜರಡಿಗೆ ಇನ್ನೊಂದು ಪದರ ಹಾಕಿದೆ: ಎ ಬಂದ ಮೇಲೆ ನಡುವೆ ಏನೇ ಇರಲಿ ಮತ್ತೆ ಎ ಬಂದರೆ ಆಚೆ ಎಸೆ. ಹೀಗೇ ಐದಕ್ಕೂ. ಮೊದಲ ಸಲ ಪದಗಳು ತಪ್ಪಾಗಿ ಬಂದವು. ಯಾಕೆ ಅಂತ ತಲೆ ಕೆಡಿಸಿಕೊಂಡರೆ, ಪಟ್ಟಿಯಲ್ಲಿ ದೊಡ್ಡಕ್ಷರದಿಂದ ಶುರುವಾಗುವ ಹೆಸರುಗಳಿವೆ. ದೊಡ್ಡ ಎ ಬೇರೆ, ಚಿಕ್ಕ ಎ ಬೇರೆ ಅಂತ ಮಷೀನಿನ ಲೆಕ್ಕ. ಎಲ್ಲವನ್ನೂ ಚಿಕ್ಕದು ಮಾಡಿದ ಮೇಲೆ ಸರಿಹೋಯಿತು.

ಆದರೆ ಬಂದ ಪದಗಳಲ್ಲಿ ಮುಕ್ಕಾಲು ಪಾಲು ನಾನು ಹುಟ್ಟಿದ ಮೇಲೆ ಕೇಳಿಲ್ಲ. ಯಾವುದೋ ಹುಳದ ಹೆಸರು, ಸತ್ತುಹೋದ ಪದಗಳು. ನಿಘಂಟಿಗೆ ಗೊತ್ತು ಅಂದರೆ ಮನುಷ್ಯರಿಗೆ ಗೊತ್ತು ಅಂತಲ್ಲ.

ನನ್ನ ಕಡೆಯಿಂದ ಒಂದು: ‘ಅನ್‌ಕಾಪಿರೈಟಬಲ್’. ಇದೂ 15. ಸ್ವರ ಮಾತ್ರ ಅಲ್ಲ, ಹದಿನೈದು ಅಕ್ಷರದಲ್ಲಿ ಒಂದೂ ಎರಡನೇ ಸಲ ಬರಲ್ಲ. ಬಿಡಿಸಿ ಬರೆದು ನೋಡಿ, ಖುಷಿಯಾಗುತ್ತೆ.

ಮಗಳಪ್ಪ · ಬುಧವಾರ ರಾತ್ರಿ 10:05

ನಿಮ್ಮ ಯಾವ ಪದವನ್ನೂ ನಾನು ಅವಳಿಗೆ ಹೇಳಲಿಲ್ಲ. “ಮೊದಲು ಯು ಹಿಡಿ, ಆಮೇಲೆ ಬಾಲ ನೋಡು” ಇಷ್ಟೇ ಹೇಳಿದೆ.

ಇವತ್ತು ಸಂಜೆ ಊಟದ ಮೇಜಿನ ಮೇಲೆ ಸಮಾಜದ ಪುಸ್ತಕ ಹರಡಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಇದ್ದಕ್ಕಿದ್ದಂತೆ ಪೆನ್ಸಿಲ್ ತೆಗೆದು ಪುಸ್ತಕದಲ್ಲೇ ಗೆರೆ ಎಳೆಯೋಕೆ ಶುರು ಮಾಡಿದಳು. ‘ಸಬ್‌ಕಾಂಟಿನೆಂಟ್’. ನಮ್ಮ ಉಪಖಂಡ. ಯುಗೆ ಒಂದು ಸೊನ್ನೆ ಸುತ್ತಿದಳು. ಓಗೆ ಒಂದು. ಐ, ಇ. “ಅಪ್ಪಾ, ನಾಲ್ಕು ಸಿಕ್ತು! ಎ ಒಂದೇ ಇಲ್ಲ” ಅಂದಳು. ನನಗೆ ಬಾಯಿ ತುರಿಸುತ್ತಿತ್ತು, ಸುಮ್ಮನಿದ್ದೆ. ಅವಳು ಕೊನೆಯ ಟಿ ಮೇಲೆ ಪೆನ್ಸಿಲ್ ಕುಟ್ಟುತ್ತಾ ಕೂತಳು. ‘ಏಬಲ್’ ಹಚ್ಚಿ ನೋಡಿದಳು, ನಗು ಬಂತು. ‘ಎಡ್’ ಹಚ್ಚಿದಳು, ಆಗಲಿಲ್ಲ. ಮುಂದಿನ ಪಾಠದ ತಲೆಬರಹದಲ್ಲಿ ‘ಕಾಂಟಿನೆಂಟಲ್’ ಇತ್ತು. ಕಣ್ಣು ಅಲ್ಲಿಗೆ ಹೋಯಿತು, ವಾಪಸ್ ಬಂತು. ಎ-ಎಲ್ ಹಚ್ಚಿದಳು.

‘ಸಬ್‌ಕಾಂಟಿನೆಂಟಲ್’. 14. ಮೂರು ಸಲ ಎಣಿಸಿದಳು. ಆಮೇಲೆ ಅವಳಮ್ಮನಿಗೆ ಹೇಳೋಕೆ ಮೇಲಿನ ರೂಮಿಗೆ ಓಡಿದಳು. ಅರ್ಧ ಹುರುಳಿಕಾಯಿ ನೆಲಕ್ಕೆ.

ನಿವೃತ್ತ ಟೀಚರ್ · ಬುಧವಾರ ರಾತ್ರಿ 10:12

ಅಯ್ಯೋ ಕಂದ! ಇದಕ್ಕಿಂತ ಏನು ಬೇಕು. ಸ್ವರದ ಸಾಲು ನೋಡಿದಿರಾ? ಯು, ಓ, ಐ, ಇ, ಎ. ಇದೂ ತಲೆಕೆಳಗಿನದೇ. ಅವಳಿಗೆ ನಾಳೆ ಹೇಳಿ, ಇನ್ನೊಂದು ಸಲ ಓಡಲಿ.

ಮಣೆಬಿಲ್ಲೆ · ಗುರುವಾರ ಬೆಳಿಗ್ಗೆ 7:20

ಪದವೂ ನಮ್ಮ ಉಪಖಂಡದ್ದೇ, ಹುಡುಕಿದವಳೂ ಉಪಖಂಡದವಳೇ. ಗೆಲ್ಲಲಿ.

ಮಗಳಪ್ಪ · ಶುಕ್ರವಾರ ಸಂಜೆ 5:15

ಫಲಿತಾಂಶ. ಎಜುಕೇಷನ್ ಬರೆದವರು 17 ಜನ. ಕಾಲಿಫ್ಲವರ್ ಇಬ್ಬರು. ಒಬ್ಬ ಹುಡುಗ 45 ಅಕ್ಷರದ್ದು ತಂದಿದ್ದನಂತೆ, ಮಿಸ್ ಓದು ಅಂದರು, ನಾಲ್ಕನೇ ಅಕ್ಷರಕ್ಕೇ ನಿಂತ.

ನಮ್ಮವಳಿಗೆ ಎರಡನೇ ಬಹುಮಾನ. ಒಂದೇ ಅಕ್ಷರದಲ್ಲಿ ಹೋಯಿತು. ಮೊದಲನೆಯದು ಅವಳ ಹಿಂದಿನ ಬೆಂಚಿನ ಹುಡುಗಿಗೆ. ಪದ: ಅನ್‌ಕಾಂಪ್ಲಿಮೆಂಟರಿ. ಅರ್ಥ ಕೇಳಿದ್ದಕ್ಕೆ “ಮೆಚ್ಚುಗೆಯದಲ್ಲದ, ಟೀಕೆಯ ಮಾತು” ಅಂತ ಕನ್ನಡದಲ್ಲೇ ಪಟ್ಟಂತ ಹೇಳಿದಳಂತೆ.

ಈ ಸಾಲು ನಾನು ಎಲ್ಲೋ ಓದಿದ್ದೀನಿ ಅನ್ನಿಸ್ತಾ ಇದೆ.

ಚಿತ್ರಾನ್ನ · ಶುಕ್ರವಾರ ಸಂಜೆ 5:17

ಮಂಗಳವಾರ ರಾತ್ರಿ 8:10, ಟೀಚರ್ ಮೇಡಂ ಪೋಸ್ಟು. ಅಕ್ಷರ ಅಕ್ಷರವೂ ಅದೇ. ಕಳ್ಳರು ಒಳಗೇ ಇದ್ದಾರೆ ಸಾರ್.

ಸುಮ್ನೆ ಓದುವವ · ಶುಕ್ರವಾರ ರಾತ್ರಿ 8:40

ನಮಸ್ಕಾರ. ಮೂರು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮಗಳಪ್ಪನವರೇ, ಕ್ಷಮಿಸಿ. ಟೀಚರ್ ಮೇಡಂಗೆ ಧನ್ಯವಾದ. ಚಾಕೊಲೇಟಿನಲ್ಲಿ ಅರ್ಧ ನಿಮ್ಮ ಮಗಳಿಗೆ ಅಂತ ನನ್ನ ಮಗಳೇ ಎತ್ತಿಟ್ಟಿದ್ದಾಳೆ, ಸೋಮವಾರ ತರುತ್ತಾಳೆ.